ಅಕ್ಕಡಿ ಸಾಲು ಅರ್ಧಕ್ಕೆ ನಿಂತ ವರ್ಷ

ಮೊನ್ನೆ ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕ ಈ ವರ್ಷದ ಮೊದಲ ಅವರೆಕಾಯಿ ರಾಶಿ ಬಿದ್ದಿತ್ತು. ಹೊಲಿಗೆಗೆ ದಾರ, ಗುಂಡಿ ತರಲು ಹೋದವಳು ನಾನು. ಮೂಗಿಗೆ ಸೊಗಡು ಬಡಿದದ್ದೇ ತಡ, ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಇಬ್ಬನಿ ಕುಡಿದ ಅವರೆಯ ಸೊಗಡು ಹೇಗಿರುತ್ತದೆಂದು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಕಾಯಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಬಿಡುವುದಿಲ್ಲ. ಮಾರುವವಳು ಎಷ್ಟು ಬೇಕೆಂದು ತಮಿಳಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳಿದಳು. ನಾನು ಬಾಯಿ ಬಿಡದೆ ಒಂದು ಕಾಯನ್ನು ಮೂಗಿಗೆ ಹಿಡಿದುಕೊಂಡೇ ಇದ್ದೆ. ಆ ವಾಸನೆಗೆ ಬೇರೆಯವರಿಗೆ ಹಿದುಕಿದ ಬೇಳೆಯ ಸಾರು ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಹೊಲದ ಅರ್ಧಕ್ಕೆ ಮಾತ್ರ ಅವರೆ ಬೆಳೆದ ಒಂದು ವರ್ಷ, ಮತ್ತು ಆ ವರ್ಷ ನನ್ನ ಗಂಡ ನನಗೆ ಮಾಡಿದ ಮೋಸ.

ನಾನು ಹುಟ್ಟಿದ್ದು ಪಣಕಹಳ್ಳಿಯಲ್ಲಿ, ಸೇರಿದ್ದು ತಿಗನಾರೆಗೆ. ಪಣಕಹಳ್ಳಿಯಲ್ಲಿ ಬೋರ್‌ವೆಲ್ ಇದ್ದವರಿಗೆ ಕೋಸು, ಟೊಮೆಟೊ ಎಂದು ಏನಾದರೂ ಬೆಳೆ ಇದ್ದೇ ಇರುತ್ತದೆ. ತಿಗನಾರೆಯಲ್ಲಿ ಮಳೆ ಬಂದರೆ ರಾಗಿ, ರಾಗಿ ಬಂದರೆ ಆನೆ. ಅಂಥ ಊರಿಗೆ ನನ್ನನ್ನು ಕೊಡುವಾಗ ಅಪ್ಪ ನೋಡಿದ್ದು ಹೊಲವನ್ನಲ್ಲ, ಹುಡುಗನ ಬಾಯನ್ನು. “ಹುಡ್ಗ ಮಾತುಗಾರ ಕಣವ್ವ, ಎಲ್ಲೋದ್ರೂ ಬದುಕ್ಕೋತನೆ” ಎಂದಿದ್ದರು. ಆ ಮಾತು ಸುಳ್ಳಾಗಲಿಲ್ಲ. ಸಿದ್ದರಾಜು ಹಾಸನೂರಿನ ಒಂದು ಲಾಡ್ಜಿನಲ್ಲಿ ಜೀಪು ಓಡಿಸುವ ಕೆಲಸಕ್ಕೆ ಸೇರಿದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದವನು ಕೈಕಾಲು ತೊಳೆಯುವ ಮೊದಲೇ ಕಥೆ ಶುರು ಮಾಡುತ್ತಿದ್ದ. ಆನೆ ನೋಡಲು ಬಂದ ಕೊಯಮತ್ತೂರಿನ ದಂಪತಿಗಳು ರಸ್ತೆ ಬದಿಯ ಬಂಡೆಗೆ ಕೈಮುಗಿದದ್ದು, ಜಿಂಕೆ ಕಂಡು ಹುಲಿ ಎಂದು ಕಿರುಚಿದವರು, ಇಂಥವೇ. ನಾನು ಹೊಲಿಗೆ ಮಿಷನ್ ನಿಲ್ಲಿಸಿ ನಗುತ್ತಿದ್ದೆ. ನಮ್ಮತ್ತೆ ಕೆಂಪಮ್ಮ ನಗು ಬಂದರೂ ತಡೆದುಕೊಂಡು “ಇವ್ನ ಬಾಯ್ಗೆ ಬೀಗ ಆಕ” ಎನ್ನುತ್ತಿದ್ದರು. ಮಕ್ಕಳಿನ್ನೂ ಆಗಿರಲಿಲ್ಲ. ಅವನನ್ನು ಕಂಡರೆ ನನಗೆ ಪ್ರಾಣ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದಕ್ಕೆ ಅರ್ಥವಿರುವುದಿಲ್ಲ.

ಆ ವರ್ಷ ಆಷಾಢದಲ್ಲಿ ಅವನು ಲಾಡ್ಜಿನ ಕೆಲಸ ಬಿಟ್ಟು ಬ್ಯಾಗು ಹೊತ್ತುಕೊಂಡು ಮನೆಗೆ ಬಂದ. ಜನ ಬರುತ್ತಿಲ್ಲ, ಜೀಪು ಸುಮ್ಮನೆ ನಿಂತಿದೆ ಎಂದ. ಆಮೇಲೆ ಕಥೆ ಹೇಳಲಿಲ್ಲ. ಕೂತರೆ ಕೂತಲ್ಲೇ, ಉಂಡರೆ ಉಂಡಷ್ಟೇ. ಕೆಲಸ ಹೋದ ಬೇಸರ ಎಂದುಕೊಂಡು ನಾನು ಅವನಿಗೆ ಇಷ್ಟವೆಂದು ಹುರುಳಿಕಟ್ಟಿನ ಸಾರು ಮಾಡಿ ಹಾಕಿದೆ, ತಲೆಗೆ ಎಣ್ಣೆ ಒತ್ತಿದೆ. ಎಣ್ಣೆ ಒತ್ತುವಾಗ ಅವನ ಕಣ್ಣಲ್ಲಿ ನೀರು ಬಂತು. ಎಣ್ಣೆ ಕಣ್ಣಿಗೆ ಇಳಿಯಿತೇನೋ ಎಂದು ಸೆರಗಲ್ಲಿ ಒರೆಸಿದೆ.

ಶ್ರಾವಣದ ಮಳೆ ಬಿದ್ದು ಹೊಲ ಹದಕ್ಕೆ ಬಂತು. ನಮ್ಮ ಕಡೆ ರಾಗಿ ಹೊಲದಲ್ಲಿ ಬರೀ ರಾಗಿ ಹಾಕುವುದಿಲ್ಲ. ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ ಬಿಡುತ್ತೇವೆ. ಅದು ಅಕ್ಕಡಿ ಸಾಲು. ರಾಗಿ ಬಿತ್ತಲು ಈಗ ಟ್ರ್ಯಾಕ್ಟರ್ ಬಂದಿದೆ, ಅಕ್ಕಡಿಗೆ ಮಾತ್ರ ಇನ್ನೂ ನೇಗಿಲೇ ಬೇಕು, ಎತ್ತೇ ಬೇಕು. ಗಂಡ ಮುಂದೆ ಸಾಲು ಹೊಡೆಯುತ್ತ ಹೋಗುತ್ತಾನೆ. ಹೆಂಡತಿ ಮಡಿಲಲ್ಲಿ ಕಾಳು ಕಟ್ಟಿಕೊಂಡು ಆ ಸಾಲಿಗೆ ಕಾಳು ಬಿಡುತ್ತ ಹಿಂದೆ ನಡೆಯುತ್ತಾಳೆ. ತಿರುಗಿ ನೋಡಿದರೆ ಸಾಲು ಸೊಟ್ಟಗಾಗುತ್ತದೆಂದು ಗಂಡ ತಿರುಗುವುದಿಲ್ಲ. ಹೆಂಡತಿಗೆ ಕಾಣುವುದು ಅವನ ಬೆನ್ನು, ಅದರಾಚೆ ಎತ್ತಿನ ಬಾಲ. ಎದುರುಬದುರು ಕೂತು ಹೇಳಲಾಗದ್ದನ್ನು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಅವನಿಗೆ ಸಿಕ್ಕಿರಲಾರದು.

ಅರ್ಧ ಹೊಲ ಮುಗಿದಾಗ “ಮಣಿ” ಎಂದ, ಮುಂದೆ ನೋಡುತ್ತಲೇ.

“ಊಂ.”

“ನಿಂಗೊಂದು ಮಾತ ಏಳ್ಬೇಕು ಕಣಮ್ಮಿ.”

“ಏಳು ಮಾವ.”

ಎತ್ತಿಗೆ ಹೋಯ್ ಹೋಯ್ ಎಂದ. ಆಮೇಲೆ ಎತ್ತಿಗೇ ಹೇಳುವವನ ಹಾಗೆ ಹೇಳಿದ. “ಆಸನೂರಲ್ಲಿ ಅಡ್ಗೆ ಮಾಡೋಳು ಒಬ್ಳು ಇದ್ಲು. ರತ್ನ ಅಂತ. ನಾನು ಅವ್ಳ ಜೊತೇಲಿದ್ದಿ.”

“ಜೊತೇಲಿದ್ದಿ ಅಂದ್ರೆ?”

“ಜೊತೇಲಿದ್ದಿ ಅಂದ್ರೆ ಜೊತೇಲಿದ್ದಿ ಕಣ. ವರ್ಸದ ಮೇಲಾಯ್ತು. ಈಗಿಲ್ಲ, ಬುಟ್ಟುಬಂದಿವ್ನಿ. ಮಾದಪ್ಪನಾಣೆ ಬುಟ್ಟುಬಂದಿವ್ನಿ.”

ನನ್ನ ಕಾಲು ನಿಲ್ಲಲಿಲ್ಲ. ಹದ ಬಂದ ಹೊಲದಲ್ಲಿ ಎತ್ತು ಕಟ್ಟಿದ ಮೇಲೆ ನಡುವೆ ನಿಲ್ಲುವ ಅಭ್ಯಾಸ ನಮಗಿಲ್ಲ. ಆದರೆ ಕೈ ನಿಂತುಹೋಯಿತು. ಹಿಡಿಯಲ್ಲಿದ್ದ ಅವರೆಕಾಳು ಹಿಡಿಯಲ್ಲೇ ಉಳಿಯಿತು. ಅವನು ಸಾಲು ಹೊಡೆಯುತ್ತ ಹೋದ, ನಾನು ಆ ಮುಷ್ಟಿ ಬಿಚ್ಚದೆ ಹಿಂದೆ ನಡೆದೆ. ಬದುವಿನ ಹತ್ತಿರ ತಿರುಗುವಾಗಲೂ ಅವನು ನನ್ನ ಮುಖ ನೋಡಲಿಲ್ಲ, ಎತ್ತಿನ ಮುಖ ನೋಡಿದ. ಹೀಗೇ ಉಳಿದರ್ಧ ಹೊಲ ಮುಗಿಯಿತು. ಒಂದು ಕಾಳೂ ಮಣ್ಣಿಗೆ ಬೀಳಲಿಲ್ಲವೆಂದು ಅವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾದದ್ದು ಮನೆಗೆ ಬಂದು ಮಡಿಲು ಬಿಚ್ಚಿದಾಗ.

ಆ ಕಾಳನ್ನು ಏನು ಮಾಡಬೇಕೆಂದು ತೋಚದೆ ತೊಳೆದು ಒಲೆಯ ಮೇಲಿಟ್ಟು ಸಾರು ಮಾಡಿದೆ. ಬೂದಿ ಬೆರೆಸಿ, ಬೇವಿನೆಲೆ ಹಾಕಿ ಮಡಕೆಯಲ್ಲಿ ಜೋಪಾನ ಮಾಡಿದ್ದ ಬಿತ್ತನೆಯ ಕಾಳು ಅದು. ಹಸಿದು ಸತ್ತರೂ ಅದನ್ನು ಬೇಯಿಸುವವರಿಲ್ಲ. ತಟ್ಟೆಗೆ ಬಿದ್ದದ್ದನ್ನು ನೋಡಿ ಅತ್ತೆ ಎದೆ ಹಿಡಿದುಕೊಂಡರು.

“ಬಿತ್ನೆ ಕಾಳ ಬೇಯ್ಸುಬುಟ್ಟಾ! ಈ ಮನೆ ಉದ್ದಾರಾಗ್ಬೇಕಾ ಬ್ಯಾಡ್ವಾ?”

“ನಿಮ್ ಮಗನ್ನೇ ಕೇಳಿ ಅತ್ತೆ” ಎಂದೆ.

ಅತ್ತೆ ಮಗನ ಕಡೆ ನೋಡಿದರು. ಅವನು ತಲೆ ಎತ್ತದೆ ಆ ಕಹಿ ಸಾರಿನಲ್ಲಿ ಮುದ್ದೆ ಮುರಿದು ಮುರಿದು ನುಂಗುತ್ತಿದ್ದ. ಅವತ್ತಿನಿಂದ ಅವನ ಹಾಸಿಗೆ ಜಗಲಿಗೆ ಹೋಯಿತು, ನನ್ನ ಬಾಯಿಂದ ಮಾವ ಎಂಬ ಮಾತು ಹೋಯಿತು.

ಮನೆಯೊಳಗಿನ ವಿಷಯ ಮನೆಯೊಳಗೇ ಇರಲಿ ಎಂದು ಮುಚ್ಚಿಟ್ಟುಕೊಳ್ಳಬಹುದಿತ್ತು. ಹೊಲ ಬಿಡಲಿಲ್ಲ. ವಾರದಲ್ಲಿ ಅವರೆ ಮೊಳೆಯಿತು. ಅರ್ಧ ಹೊಲದಲ್ಲಿ ಸಾಲು ಸಾಲಾಗಿ ಹಸಿರು, ಉಳಿದರ್ಧದಲ್ಲಿ ಸಾಲು ಇದೆ, ಹಸಿರಿಲ್ಲ. ಅವನು ಬಾಯಿ ಬಿಟ್ಟ ಜಾಗ ಎಲ್ಲಿ ಎಂದು ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಬೆರಳಿಟ್ಟು ತೋರಿಸಬಹುದಿತ್ತು. ಪಕ್ಕದ ಹೊಲದ ಮಾದಣ್ಣ ಬದುವಿನ ಮೇಲೆ ನಿಂತು ಕೇಳಿಯೇ ಬಿಟ್ಟರು.

“ಏನವ್ವ ಮಣಿ, ಅರ್ದ ಒಲ್ದಲ್ಲಿ ಅವರೇನೇ ಇಲ್ವಲ್ಲ?”

“ಅಂದಿ ಕಣಣ್ಣ. ಒಂದು ಕಾಳ್ನೂ ಬುಡ್ದಂಗೆ ತಿಂದೋದೊ.”

“ನಮ್ಮೊಲ ಬುಟ್ಟು ನಿಮ್ಮೊಲ್ಕೇ ಬಂದವಾ?”

“ನಮ್ ಅವರೇಕಾಳ ರುಚಿ ಕಂಡವೇನೋ.”

ಮಾದಣ್ಣ ಮಾರನೆಯ ದಿನವೇ ಹೆಂಡತಿಯ ಹಳೆಯ ಸೀರೆಗಳನ್ನೆಲ್ಲ ತಂದು ಹೊಲದ ಸುತ್ತ ಗೂಟಕ್ಕೆ ಕಟ್ಟಿದರು. ಸೀರೆ ಗಾಳಿಗೆ ಅಲ್ಲಾಡಿದರೆ ಹಂದಿ ಹೆದರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅವರನ್ನು ನೋಡಿ ಇನ್ನೊಬ್ಬರು, ಇನ್ನೊಬ್ಬರನ್ನು ನೋಡಿ ಮತ್ತೊಬ್ಬರು. ನನ್ನ ಒಂದು ಸುಳ್ಳಿಗೆ ತಿಗನಾರೆಯ ಹೊಲಗಳೆಲ್ಲ ಬಣ್ಣಬಣ್ಣದ ಸೀರೆ ಉಟ್ಟು ನಿಂತವು. ಆ ವರ್ಷ ಹಂದಿಯ ಕಾಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನಿಜಕ್ಕೂ ಊರವರು ನನ್ನನ್ನು ಕರೆದು ಹೊಗಳಬೇಕಿತ್ತು.

ಅತ್ತೆಯ ಹತ್ತಿರ ಮಾತ್ರ ಹಂದಿಯ ಆಟ ನಡೆಯಲಿಲ್ಲ. ಒಂದು ಮಧ್ಯಾಹ್ನ ಕೋಲೂರಿಕೊಂಡು ಹೊಲಕ್ಕೆ ಬಂದು ಖಾಲಿ ಸಾಲುಗಳನ್ನು ನೋಡಿದರು. “ಅಲ್ಲ ಕುಸ, ಈ ಅಂದೀಗೆ ಕಾಲೇ ಇರ್ನಿಲ್ವಾ? ಒಂದು ಗೊರಸೂ ಕಾಣೆ” ಎಂದರು. ನಾನು ಅಲ್ಲೇ ಕುಸಿದು ಕೂತು ಎಲ್ಲ ಹೇಳಿದೆ, ಹೇಳುತ್ತ ಜೋರಾಗಿ ಅತ್ತುಬಿಟ್ಟೆ. ಮಗನ ಪರ ಒಂದು ಮಾತಾದರೂ ಬರುತ್ತದೆ, ಗಂಡಸು, ಹೋಗಲಿ, ಎನ್ನುತ್ತಾರೆ ಎಂದು ಕಾದೆ. ಬಂದರೆ ಅದನ್ನೇ ಹಿಡಿದು ಅವರ ಮೇಲೂ ಕೂಗಾಡೋಣ ಎಂದಿತ್ತು. ಅತ್ತೆ ಕೋಲು ಕೆಳಗಿಟ್ಟು ನನ್ನ ಪಕ್ಕ ಕೂತರು.

“ಎತ್ತೋಳು ನಾನು. ಎದೆಗೆ ಒದಿಬೇಕು ಅವ್ನ. ಏನ್ಮಾಡ್ಲಿ, ಈ ವಯಸ್ನಲ್ಲಿ ಕಾಲೆತ್ತಕಾಗಲ್ಲ. ನನ್ ಪಾಲ್ದೂ ಸೇರ್ಸಿ ನೀನೇ ಒದ್ದುಬುಡು ಕುಸ.”

ಅಳುವಿನ ನಡುವೆ ನನಗೆ ನಗು ಬಂತು. ಅಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಖಾಲಿ ಸಾಲು ಅವನ ಕಣ್ಣಿಗೂ ಬಿದ್ದಿತ್ತು. ಯಾಕೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮುಂಜಾನೆ ಎದ್ದು ಒಬ್ಬನೇ ಹೋಗಿ, ಮೊನೆ ಮಾಡಿದ ಕೋಲಿನಿಂದ ಗುಳಿ ತೋಡಿ, ಆ ಸಾಲುಗಳಿಗೆ ಕಾಳು ಹಾಕಿ ಬಂದ. ಅದು ಮೊಳೆತು ಎರಡೆಲೆ ಬಿಟ್ಟಾಗ ನಾನು ಹೋಗಿ ಕಿತ್ತೆ. ಅವನು ಮತ್ತೆ ಹಾಕಿದ. ನಾನು ಮತ್ತೆ ಕಿತ್ತೆ. ಮೊಳಕೆ ಕೀಳುವುದು ಪಾಪ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಇರಲಿ ಬಿಡಿ, ಆ ಪಾಪ ನನ್ನದೇ. ಕಿತ್ತದ್ದನ್ನು ಬಿಸಾಡದೆ ಬದುವಿನ ಮೇಲೆ ಅವನಿಗೆ ಕಾಣುವ ಹಾಗೆ ಹರಡುತ್ತಿದ್ದೆ. ಒಣಗಿದ ಆ ಸಸಿಗಳ ಪಕ್ಕದಲ್ಲೇ ಕೂತು ಅವನು ಬೀಡಿ ಸೇದುವುದನ್ನು ದೂರದಿಂದ ನೋಡಿದ್ದೇನೆ. ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಊರಿಗೆಲ್ಲ ಮಾತಾಡುವ ಮನುಷ್ಯ ನನ್ನೆದುರಿಗೆ ಮೂಗನಾದ.

ತವರಿಗೆ ಹೋಗಬಹುದಿತ್ತು. ಒಂದು ಬಸ್ಸಿನ ದಾರಿ. ಹೋದರೆ ಯಾಕೆ ಬಂದೆ ಎಂದು ಹೇಳಬೇಕು, ಹೇಳಿದರೆ ಅಪ್ಪ ಮತ್ತೆ ಕಳಿಸುವುದಿಲ್ಲ. ನನಗೆ ಅವನನ್ನು ಬಿಟ್ಟು ಹೋಗಬೇಕೆಂದೂ ಇತ್ತು, ಹೋದ ಮೇಲೆ ತಿರುಗಿ ಬರಲು ಬಾಗಿಲು ತೆರೆದಿರಬೇಕೆಂದೂ ಇತ್ತು. ಇವನ ಜೊತೆ ಇನ್ನು ಬಾಳುವುದೋ ಬೇಡವೋ ಎಂಬ ಒಂದೇ ಪ್ರಶ್ನೆಯನ್ನು ಹೊಲಿಗೆ ಮಿಷನ್ನಿನ ಮುಂದೆ, ಒಲೆಯ ಮುಂದೆ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ತಿರುಗಿಸಿ ತಿರುಗಿಸಿ ನೋಡಿದೆ. ಕೊನೆಗೆ, ಆ ರತ್ನ ಎಂಬುವವಳನ್ನು ಒಮ್ಮೆ ಕಣ್ಣಾರೆ ನೋಡದೆ ಇದು ಬಗೆಹರಿಯುವುದಿಲ್ಲ ಎನಿಸಿತು.

ಗೌರಿಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ತಾಳವಾಡಿಗೆ ಹೋಗಿ ಅಲ್ಲಿಂದ ಹಾಸನೂರಿನ ಬಸ್ಸು ಹತ್ತಿದೆ. ಜಡೆ ಬಿಚ್ಚಿ ಬಿಗಿಯಾಗಿ ತುರುಬು ಕಟ್ಟಿಕೊಂಡಿದ್ದೆ, ಜಗಳಕ್ಕೆ ಹೋಗುವವಳ ಕೂದಲು ಇನ್ನೊಬ್ಬರ ಕೈಗೆ ಸಿಗಬಾರದು ನೋಡಿ. ಕಾಡಿನ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಕನ್ನಡದಲ್ಲಿ ಮುಗಿದಾಗ ತಮಿಳಿನದೂ ಸೇರಿಸಿದೆ.

ಲಾಡ್ಜಿನ ಹಿಂಭಾಗದಲ್ಲಿ ಅಡುಗೆಮನೆ. ಹೊರಗೆ ಹಲಸಿನ ಮರದ ಕೆಳಗೆ ಒಬ್ಬಳು ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು. ನನಗಿಂತ ಚೆಂದದವಳು ಇರುತ್ತಾಳೆ ಎಂದುಕೊಂಡು ಹೋಗಿದ್ದೆ. ನನ್ನ ಹಾಗೇ ಇದ್ದಳು. ನನ್ನಷ್ಟೇ ವಯಸ್ಸು, ನನ್ನಷ್ಟೇ ಕಪ್ಪು, ನನ್ನ ಹಾಗೇ ನಿದ್ದೆಗೆಟ್ಟ ಕಣ್ಣು. ಅದು ಇನ್ನೂ ಹೊಟ್ಟೆ ಉರಿಸಿತು.

“ಯಾರ್ ಬೇಕಿತ್ತಕ್ಕ?” ಎಂದಳು. ಗುಂಡ್ಲುಪೇಟೆ ಕಡೆಯ ಮಾತು.

“ನಾನು ತಿಗನಾರೆ ಸಿದ್ದರಾಜು ಎಂಡ್ತಿ.”

ಅವಳು ಹೆದರಲಿಲ್ಲ, ತಲೆ ತಗ್ಗಿಸಲಿಲ್ಲ. ಅರ್ಥವಾಗದವಳ ಹಾಗೆ ನನ್ನನ್ನೇ ನೋಡಿದಳು. “ಎಂಡ್ತೀನಾ? ನೀವು ವಾಪಸ್ ಬಂದ್ರಾ?”

“ಎಲ್ಲಿಂದ ವಾಪಸ್ ಬರದು?”

“ತಿರುಪೂರಿಂದ” ಎಂದಳು. “ಒಲಿಗೆ ಕಲ್ತಿದ್ಲು, ತಿರುಪೂರು ಬನೀನ್ ಕಂಪ್ನಿಗೆ ಓದೋಳು ಅಲ್ಲೇ ಯಾರನ್ನೋ ಕಟ್ಕೊಂಡ್ಲು, ನನ್ನ ಬುಟ್ಟೋದ್ಲು ಅಂತ ಅಳ್ತಿದ್ನಲ್ಲ. ಇಲ್ಲಿ ಎಲ್ರಿಗೂ ಗೊತ್ತು.”

ನಾನು ಈ ಜನ್ಮದಲ್ಲಿ ತಿರುಪೂರು ನೋಡಿಲ್ಲ. ವಾರವಾರವೂ ಅವನ ಬಸ್ಸಿನ ಸದ್ದಿಗೆ ಕಿವಿಗೊಟ್ಟು ಮನೆಯಲ್ಲಿದ್ದವಳು ನಾನು. ನಾನಿಲ್ಲಿ ಅವನ ಅಂಗಿಗೆ ಗುಂಡಿ ಹಾಕುತ್ತಿದ್ದಾಗ ಅಲ್ಲಿ ಒಂದು ಅಡುಗೆಮನೆಯ ಜನವೆಲ್ಲ ನನ್ನನ್ನು ಓಡಿಹೋದವಳು ಎಂದು ಬೈದುಕೊಂಡು ಅವನಿಗೆ ಅಯ್ಯೋ ಪಾಪ ಎನ್ನುತ್ತಿದ್ದರು. ಬಸ್ಸಿನಲ್ಲಿ ಜೋಡಿಸಿಕೊಂಡ ಬೈಗುಳ ಒಂದೂ ನಾಲಿಗೆಗೆ ಬರಲಿಲ್ಲ. ನಾನು ಮನೆಯಲ್ಲೇ ಇದ್ದೆ ಎಂದಷ್ಟೇ ಹೇಳಿದೆ. ಆಗ ಅವಳ ಮುಖವೂ ಕೆಟ್ಟಿತು. ಅವಳ ಗಂಡ ತೀರಿಕೊಂಡವನು. ಮದುವೆಯಾಗು ಎಂದು ಅವಳು ಕೇಳಿದ ಮೇಲೆ ಸಿದ್ದರಾಜು ಒಂದು ಮಾತೂ ಹೇಳದೆ ಬ್ಯಾಗು ತೆಗೆದುಕೊಂಡು ಹೋಗಿದ್ದನಂತೆ. ಫೋನು ಮಾಡಿದರೆ ಎತ್ತಿರಲಿಲ್ಲ. ಮಾದಪ್ಪನ ಆಣೆ ಹಾಕಿ ಬುಟ್ಟುಬಂದಿವ್ನಿ ಎಂದದ್ದು ಈ ಓಟವನ್ನೇ. ಅವಳು ಎದ್ದು ಹೋಗಿ ನನಗೆ ನೀರು ತಂದುಕೊಟ್ಟಳು. ಕುಡಿದು ಬಂದೆ.

ಅವನು ಹೊಲದಲ್ಲಿದ್ದ, ಮತ್ತೆ ಕೋಲು ಹಿಡಿದು ಗುಳಿ ತೋಡುತ್ತಿದ್ದ. ನಾನು ಬಸ್ಸಿಳಿದು ಸೀದಾ ಅಲ್ಲಿಗೇ ಹೋದೆ. ಬಿತ್ತನೆಯಾದ ಮೇಲೆ ನಾನಾಗಿ ಅವನನ್ನು ಮಾತಾಡಿಸಿದ್ದು ಅದೇ ಮೊದಲು.

“ತಿರುಪೂರಲ್ಲಿ ನಂಗೊಬ್ಬ ಗಂಡ ಅವ್ನಂತಲ್ಲ. ಎಂಗವ್ನೆ ಅವ್ನು? ಚೆನ್ನಾಗವ್ನಾ?”

ಕೋಲು ಕೈಯಿಂದ ಜಾರಿತು. ಹಾಗೇ ರಾಗಿ ಪೈರಿನ ನಡುವೆ ಕೂತ.

“ನೀನು ಮನೇಲಿರೋವಾಗ ಇನ್ನೊಬ್ಳ ಜೊತೆ ಓದ್ರೆ ನಾನು ಕೆಟ್ಟೋನಾಯ್ತಿನಿ. ನೀನೇ ಬುಟ್ಟೋಗಿದ್ರೆ ನಾನು ಕೆಟ್ಟೋನಲ್ವಲ್ಲ. ಏಳ್ತಾ ಏಳ್ತಾ ನಂಗೂ ನಿಜ ಅನ್ನಿಸ್ಬುಟ್ತು ಕಣ. ತಪ್ಪಾಯ್ತು ಮಣಿ.”

“ನನ್ತಾವ ತಪ್ಪಾಯ್ತು ಅನ್ಬ್ಯಾಡ. ಆಸನೂರ್ಗೆ ನಡಿ. ಅಲ್ಲಿ ಯಾರ್ಯಾರ್ತಾವ ನನ್ನ ಓಡೋದೋಳು ಅಂದಿದ್ದೀಯೋ ಅವ್ರ ಮುಂದೆ, ನನ್ನ ಪಕ್ಕ ನಿಲ್ಲುಸ್ಕೊಂಡು, ಇದ್ದದ್ದ ಇದ್ದಂಗೆ ಏಳು. ಅವ್ಳ್ಗೂ ಏಳು. ಅಲ್ಲಿಗಂಟ ನನ್ನತ್ರ ಬರ್ಬ್ಯಾಡ. ಆಗಲ್ಲ ಅಂದ್ರೆ ಏಳ್ಬುಡು, ನಾನು ನಿಜವಾಗ್ಲೂ ಬುಟ್ಟೋಯ್ತಿನಿ.”

“ಬೇರೆ ಏನಾದ್ರೂ ಏಳಮ್ಮಿ, ಮಾಡ್ತಿನಿ.”

“ಬೇರೆ ಏನೂ ಬ್ಯಾಡ.”

ಅವನಿಗೆ ಆಗಲಿಲ್ಲ. ಬೆಟ್ಟ ಹತ್ತು ಎಂದಿದ್ದರೆ ಹತ್ತುತ್ತಿದ್ದ, ಹರಕೆ ಹೊರು ಎಂದಿದ್ದರೆ ಹೊರುತ್ತಿದ್ದ. ನಗಿಸಿ ಗಳಿಸಿದ ಹೆಸರನ್ನು ನಾಲ್ಕು ಜನರ ಮುಂದೆ ಕೈಯಾರೆ ಹರಿದುಹಾಕುವುದು ಮಾತುಗಾರನಿಗೆ ಕಷ್ಟ. ದಿನ ಕಳೆದವು. ರಾಗಿ ಮಂಡಿಯೆತ್ತರಕ್ಕೆ ಬಂತು. ಖಾಲಿ ಸಾಲಿಗೆ ಕಾಳು ಹಾಕುವುದನ್ನೂ ಅವನು ಬಿಟ್ಟ, ಅವರೆ ಬಿತ್ತುವ ಕಾಲವೂ ಮುಗಿದಿತ್ತು. ನಾನು ಹೊಲಿಯಲು ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಮುಗಿಸಿ ಕೊಟ್ಟೆ, ಹೊಸದು ತೆಗೆದುಕೊಳ್ಳಲಿಲ್ಲ. ಮಿಷನ್ನಿಗೆ ಎಣ್ಣೆ ಬಿಟ್ಟು ಗೋಣಿಚೀಲ ಮುಚ್ಚಿದೆ. ಅದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ನಾನು ಹೆದರಿಸುತ್ತಿಲ್ಲ, ಹೊರಟಿದ್ದೇನೆ ಎಂದು ಅವನಿಗೆ ಆಗ ತಿಳಿಯಿತೆಂದು ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಗಡ್ಡ ಕೆರೆದು, ಒಗೆದ ಅಂಗಿ ತೊಟ್ಟು ಅಂಗಳದಲ್ಲಿ ನಿಂತಿದ್ದ. “ನಡಿ” ಎಂದ.

ಹೊರಡುವಾಗ ಅತ್ತೆ ನನ್ನನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿದರು. “ಅಲ್ಲೋಗಿ ಅವ್ನು ಬಾಯ್ ಬುಡ್ನಿಲ್ಲ ಅಂದ್ರೆ, ಬಂದು ನನ್ನ ಕರ್ಕೊ. ನಾನೂ ನಿನ್ಜೊತೆ ಪಣಕಳ್ಳಿಗೆ ಬತ್ತಿನಿ. ಇಂಥೋನ್ಗೆ ಮುದ್ದೆ ತಿರುವಕೆ ನಂಗೇನ್ ಗ್ರಾಚಾರ?”

ಬಸ್ಸಿನಲ್ಲಿ ಅವನು ಒಂದು ಸೀಟು, ನಾನು ಒಂದು ಸೀಟು. ಹಾಸನೂರಿನ ಹತ್ತಿರ ಆನೆಗಳು ರಸ್ತೆಗೆ ಅಡ್ಡ ನಿಂತು ಬಸ್ಸು ಕಾಯಬೇಕಾಯಿತು. ಬೇರೆ ದಿನವಾಗಿದ್ದರೆ ಬಸ್ಸಿನಲ್ಲಿದ್ದವರಿಗೆಲ್ಲ ಅವನೇ ಆನೆಯ ಜಾತಕ ಹೇಳುತ್ತಿದ್ದ. ಆವತ್ತು ಕಿಟಕಿಯ ಕಂಬಿ ಹಿಡಿದು ಕೂತೇ ಇದ್ದ. ಆನೆ ಆದಷ್ಟು ಹೊತ್ತು ಅಲ್ಲೇ ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದನೇನೋ.

ಲಾಡ್ಜಿನಲ್ಲಿ ಊಟದ ಹೊತ್ತು ಮುಗಿದು ಕೆಲಸದವರೆಲ್ಲ ಹಲಸಿನ ಮರದ ಕೆಳಗೆ ಕೂತಿದ್ದರು. ಬಡಿಸುವವರು, ಪಾತ್ರೆ ತೊಳೆಯುವ ಹೆಂಗಸು, ತಮಿಳಿನ ಮುದುಕ ವಾಚ್‌ಮನ್, ಸ್ವಲ್ಪ ಆಚೆ ರತ್ನ. ಸಿದ್ದರಾಜುವನ್ನು ಕಂಡು ಮುದುಕ ಖುಷಿಯಿಂದ ಎದ್ದ. ಇವನು ಕೈ ಅಡ್ಡ ಹಿಡಿದ. ಒಮ್ಮೆ ಗೇಟಿನ ಕಡೆ ತಿರುಗಿ ನೋಡಿದ. ಹೇಳಲಾರ, ಈಗ ತಿರುಗಿ ನಡೆಯುತ್ತಾನೆ ಎಂದುಕೊಂಡೆ. ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು, ಇವನು ಹೇಳಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೇನೆ ಎಂದು.

“ಇವ್ಳು ನನ್ನೆಂಡ್ತಿ, ನಾಗಮಣಿ” ಎಂದ. “ಇವ್ಳು ಎಲ್ಗೂ ಓಗಿರ್ನಿಲ್ಲ. ತಿರುಪೂರೂ ಇಲ್ಲ, ಯಾವೂರೂ ಇಲ್ಲ. ಮನೇಲೇ ಇದ್ಲು. ನಾನು ವಾರ್ವಾರ ಓಗಿ ಇವ್ಳು ಮಾಡಾಕ್ದುದ್ದ ಉಂಡ್ಕೊಂಡು ಬಂದು, ಇಲ್ಲಿ ನಿಮ್ಮುಂದೆ ಅಳ್ತಿದ್ದಿ. ಎಲ್ಲ ಸುಳ್ಳು.”

ಮೊದಲು ಬಾಯಿ ಬಿಟ್ಟವನು ವಾಚ್‌ಮನ್. “ಅಡಪ್ಪಾವಿ! ಎಲಾ ಪಾಪಿ!” ಎಂದ. “ಪಾಪ ಅಂತ ದಿನಾ ನನ್ನ ಪಾಲಿನ ಮೊಟ್ಟೆ ನಿನಗೆ ಕೊಡ್ತಿದ್ನಲ್ಲೋ!” ಪಾತ್ರೆ ತೊಳೆಯುವವಳು ಎದ್ದುಬಂದು, ನಿನ್ನನ್ನು ಮನಸ್ಸಿಗೆ ಬಂದ ಹಾಗೆ ಬೈದಿದ್ದೆ ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಅವಳ ಕೈ ಒದ್ದೆಯಾಗಿತ್ತು. ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ನಾನು ಆ ಒದ್ದೆ ಕೈ ತಾಗಿದ್ದೇ ಅತ್ತುಬಿಟ್ಟೆ.

ಅವನು ರತ್ನಳ ಮುಂದೆ ಹೋಗಿ ನಿಂತ. “ನಿಂಗೂ ಮೋಸ ಮಾಡ್ದಿ. ಏಳ್ದೆ ಕೇಳ್ದೆ ಓಡೋದಿ. ತಪ್ಪಾಯ್ತು.”

ರತ್ನ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಅಕ್ಕ ಬೇಕಾದ್ರೆ ನಿನ್ನ ಕ್ಷಮುಸ್ಲಿ, ಅದು ಅವ್ರಿಷ್ಟ. ನಾನು ಕ್ಷಮ್ಸಲ್ಲ. ಬಂದು ಏಳ್ದಲ್ಲ, ಅಷ್ಟಾಯ್ತು. ಇನ್ನು ಇಲ್ಲಿಂದ ಓಗು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ನೀವು ಉಂಡ್ಕೊಂಡು ಓಗಿ. ನಿಮ್ಗೆ ಮಾತ್ರ” ಎಂದಳು.

ಅವನು ಗೇಟಿನ ಆಚೆ ಬಿಸಿಲಲ್ಲಿ ನಿಂತ. ನಾನು ಅಡುಗೆಮನೆಯಲ್ಲಿ ಕೂತು ಉಂಡೆ. ಬಿಸಿ ಅನ್ನ, ಸೊಪ್ಪಿನ ಸಾರು. ಅವಳ ಕೈರುಚಿ ನನ್ನದಕ್ಕಿಂತ ಚೆನ್ನಾಗಿತ್ತು. ಹೊಟ್ಟೆಕಿಚ್ಚಿದ್ದರೂ ನಿಜ ನಿಜವೇ. ಇನ್ನೊಂದು ತುತ್ತು ಹಾಕಿಸಿಕೊಂಡೆ. ಅವಳು ಆಮೇಲೆ ಗುಂಡ್ಲುಪೇಟೆಗೆ ಹೋಗಿ ಸ್ವಂತ ಮೆಸ್ಸು ಇಟ್ಟಳೆಂದು ಕೇಳಿದ್ದೇನೆ. ಚೆನ್ನಾಗಿ ನಡೆಯುತ್ತಿರಬೇಕು, ಆ ಕೈಗೆ ನಡೆಯದೆ ಇರುವುದಿಲ್ಲ.

ನಾವು ಮನೆ ತಲುಪಿದಾಗ ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಅತ್ತೆ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಬಟ್ಟೆಯ ಗಂಟು, ಅದರ ಮೇಲೆ ಎಲೆಅಡಿಕೆ ಚೀಲ, ಕೈಯಲ್ಲಿ ಕೋಲು. ಮಗನ ಕಡೆ ನೋಡಲೂ ಇಲ್ಲ.

“ಯಾವ್ ಕಡೀಕೆ ಕುಸ ನಾವು?”

“ಒಳೀಕೆ ಅತ್ತೆ.”

“ನಿಜವಾಗ್ಲೂ ಏಳ್ದನಾ?”

“ಏಳ್ದ.”

ಅತ್ತೆ ಗಂಟಿನ ಮೇಲೆ ಕೈಯೂರಿ ಎದ್ದರು. “ಬೇಗ ಬರ್ಬಾರ್ದಾಗಿತ್ತಾ, ಬೆಳಿಗ್ಗಿಂದ ಕೂತು ಸೊಂಟ ಇಡ್ಕತು” ಎಂದು ಗೊಣಗುತ್ತ ಒಳಗೆ ಹೋಗಿ ಒಲೆ ಹಚ್ಚಿದರು.

ನಾನು ಅವತ್ತೇ ಅವನನ್ನು ಕ್ಷಮಿಸಿದೆ ಎಂದು ಯಾರೂ ತಿಳಿಯಬೇಡಿ. ಅವತ್ತು ಹೋಗುವುದಿಲ್ಲ ಎಂದು ತೀರ್ಮಾನಿಸಿದೆ, ಅಷ್ಟೇ. ಖಾಲಿ ಸಾಲುಗಳಿಗೆ ಅವನು ತಡವಾಗಿ ಹುರುಳಿ ಹಾಕಿದ. ಹುರುಳಿಗೆ ಕಾಲ ಮೀರಿರಲಿಲ್ಲ. ಅದು ಮೊಳೆಯಿತು, ನಾನು ಕೀಳಲಿಲ್ಲ. ಚಳಿ ಇಳಿದು ಇಬ್ಬನಿ ಬಿದ್ದಾಗ ಅರ್ಧ ಹೊಲದ ಅವರೆ ಹೂಬಿಟ್ಟು, ಕಾಯಾಗಿ, ಬೆಳಗಿನ ಹೊತ್ತು ಜಗಲಿಯವರೆಗೂ ಸೊಗಡು ಬರುತ್ತಿತ್ತು. ಅವನು ಇನ್ನೂ ಜಗಲಿಯಲ್ಲೇ ಮಲಗುತ್ತಿದ್ದ. ರಾಗಿ ಕುಯ್ಲು ಮುಗಿದ ಮೇಲೆ ಒಂದು ದಿನ ಟೀ ಕುಡಿಯುತ್ತ, ನನ್ನ ಮುಖವನ್ನೇ ನೋಡಿ ಕೇಳಿದ. “ಕ್ಷಮುಸ್ದಾ ಮಣಿ?”

ನನಗೆ ಸುಳ್ಳು ಹೇಳಲು ಇಷ್ಟವಿರಲಿಲ್ಲ. ಸುಳ್ಳು ಆ ಮನೆಯಲ್ಲಿ ಸಾಕಷ್ಟಾಗಿತ್ತು. “ಇವತ್ಗೆ ಕ್ಷಮ್ಸಿವ್ನಿ. ನಾಳೀದು ನಾಳೆ ಕೇಳು” ಎಂದೆ.

ತಮಾಷೆಗೆ ಹೇಳಿದ್ದಲ್ಲ. ಅವನೂ ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮಾರನೆಯ ಬೆಳಿಗ್ಗೆ ಟೀ ಲೋಟ ಹಿಡಿದು ಮತ್ತೆ ಕೇಳಿದ. ಆವತ್ತು ಇಲ್ಲ ಎಂದೆ. ಸರಿ ಎಂದು ಕೆಲಸಕ್ಕೆ ಹೋದ. ಆಮೇಲೆ ದಿನವೂ ಕೇಳಿದ. ಕೆಲವು ದಿನ ಹೂಂ, ಕೆಲವು ದಿನ ಊಹೂಂ. ತಲೆನೋವಿದ್ದರೆ, ಹಾಸನೂರಿನ ಆ ಅಡುಗೆಮನೆಯ ಯೋಚನೆ ಬಂದರೆ, ಯಾರೋ ತಿರುಪೂರಿನ ಮಾತೆತ್ತಿದರೆ, ವಾರಗಟ್ಟಲೆ ಊಹೂಂ. ಊಹೂಂ ಎಂದ ದಿನ ಅವನು ಮುನಿಸಿಕೊಳ್ಳಲಿಲ್ಲ, ಹೂಂ ಎಂದ ದಿನ ಮೆರೆಯಲೂ ಇಲ್ಲ. ಹಾಸಿಗೆ ಯಾವತ್ತು ಒಳಗೆ ಬಂತೆಂದು ನಾನು ಇಲ್ಲಿ ಬರೆಯುವುದಿಲ್ಲ. ಕಥೆಗಳು ಮೆಲ್ಲಗೆ ಮತ್ತೆ ಶುರುವಾದವು. ಹೂಂ ಎನ್ನುವ ದಿನಗಳು ಹೆಚ್ಚಾದವು. ಮಗಳು ಹುಟ್ಟಿ, ಮಾತು ಕಲಿತ ಮೇಲೆ, ಅಪ್ಪ ಟೀ ಕುಡಿಯುವಾಗ ಅಮ್ಮನನ್ನು ಒಂದು ಮಾತು ಕೇಳುವುದು, ಅಮ್ಮ ಹೂಂ ಎನ್ನುವುದು ಎಲ್ಲ ಮನೆಗಳಲ್ಲೂ ಇರುವ ಪದ್ಧತಿ ಎಂದುಕೊಂಡಿದ್ದಳು.

ಇವತ್ತು ಬೆಳಿಗ್ಗೆ ಟೀ ಕುಡಿದು ಲೋಟ ಇಟ್ಟು, ಎತ್ತಿಗೆ ಹುಲ್ಲು ಹಾಕಬೇಕು ಎಂದು ಎದ್ದು ಹೋದ. ಕೇಳಲು ಮರೆತ. ನಿನ್ನೆ ಕೇಳಿದ್ದನೇ, ಮೊನ್ನೆ ಕೇಳಿದ್ದನೇ ಎಂದು ಎಷ್ಟು ಯೋಚಿಸಿದರೂ ನನಗೂ ನೆನಪಿಲ್ಲ. ಅವನು ಕೇಳುವುದನ್ನು ಬಿಟ್ಟಿದ್ದಾನೆ, ನಾನು ಕಾಯುವುದನ್ನು ಬಿಟ್ಟಿದ್ದೇನೆ ಎಂಬುದು ಇದನ್ನು ಬರೆಯಲು ಕೂತ ಮೇಲೆಯೇ ನನಗೆ ಹೊಳೆದದ್ದು.